ಅಕ್ಕನ ಹೂಬಿಡದ ಗಿಡ

ಹೂವಿನ ಗಿಡ ಬೆಳೆಸುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಹೂವೇ ಬಿಡದ ಹೂವಿನ ಗಿಡವನ್ನು ಪಂಚಮಿಯಿಂದ ಪಂಚಮಿಗೆ, ಮತ್ತೆ ಅಲ್ಲಿಂದ ಇನ್ನೊಂದು ಪಂಚಮಿಗೆ ಬಾಣಂತಿಯ ಕೂಸಿನಂತೆ ಸಾಕಿದವಳು ಯಾರಾದರೂ ಇದ್ದರೆ ಅವಳು ನಮ್ಮಕ್ಕ ಒಬ್ಬಳೇ! ಹಾನಗಲ್ಲಿನ ನಮ್ಮ ಓಣಿಯಲ್ಲಿ ಅವಳಿಗೆ ತಲೆ ಕೆಟ್ಟಿದೆ ಎಂದು ಹೇಳದ ಮನೆ ಇರಲಿಲ್ಲ. ಹಾಗೆ ಹೇಳಿದ ಮನೆಗಳಲ್ಲಿ ನಮ್ಮದೇ ಮೊದಲನೆಯದು.

ನಾನು ಕಲಿತದ್ದು ಮೂರನೇ ಇಯತ್ತೆ. ಮಾತು ಹಿಂದುಮುಂದಾದರೆ ನೀವು ನಗಬಹುದು. ಅಕ್ಕನ ವಿಷಯಕ್ಕೂ ನಗಿರಿ, ಅಡ್ಡಿಯಿಲ್ಲ. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕವರೇ. ನಗು ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಮಗೆ ನಿಲ್ಲಿಸಲು ಬರಲಿಲ್ಲ, ಅಷ್ಟೇ.

ಅಕ್ಕನನ್ನು ಕೊಟ್ಟದ್ದು ಹಿರೇಕೆರೂರಿನ ಕಡೆಯ ಒಂದು ಹಳ್ಳಿಗೆ. ಅವಳು ಬಂದದ್ದು ಪಂಚಮಿಗೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು, ಆಮೇಲೆ ಕಣ್ಣು ಒರೆಸಿಕೊಂಡು ಬಂಡಿ ಹತ್ತಬೇಕು. ಅಕ್ಕ ಉಂಡಿ ತಿಂದಳು. ಜೋಕಾಲಿ ಹತ್ತಲಿಲ್ಲ. ಮದುವೆಗೆ ಮುಂಚೆ ಬೇವಿನ ಮರದ ತುದಿ ಎಲೆಯನ್ನು ಕಾಲಿನಿಂದ ಮುಟ್ಟಿ ಬರುತ್ತಿದ್ದವಳು, ಈಗ ಎಡಗೈಯನ್ನು ಭುಜದಿಂದ ಮೇಲಕ್ಕೆ ಎತ್ತಲಾರಳು.

"ಕೈಗೆ ಏನಾತಬೇ?" ಎಂದು ಅವ್ವ ಕೇಳಿದಳು.

"ಬಾವ್ಯಾಗ ಕಾಲ ಜಾರಿತ್ತು."

ಹಿಂದಿನ ವರ್ಷ ಹುಬ್ಬು ಸೀಳಿಕೊಂಡು ಬಂದಾಗಲೂ ಬಾವಿಯೇ. ಅದರ ಹಿಂದೆ ಹಲ್ಲು ಮುರಿದುಕೊಂಡಾಗಲೂ ಬಾವಿಯೇ. "ಆ ಊರಾಗ ನೀರಿಗಿಂತ ಬಾವಿನ ಹೆಚ್ಚ ಅದಾವು ನೋಡ್ರಿ!" ಎಂದು ಅಪ್ಪ ನಗೆಯಾಡಿದ. ಆಮೇಲೆ ಯಾರ ಮುಖವನ್ನೂ ನೋಡದೆ ಎತ್ತಿಗೆ ಮೇವು ಹಾಕಲು ಎದ್ದುಹೋದ. ಎತ್ತುಗಳು ಆಗಲೇ ತಿಂದು ಮಲಗಿದ್ದವು.

ಅದೇ ವಾರ ಸವಣೂರಿನಿಂದ ನಮ್ಮ ಸೋದರಮಾವ ಬಂದ. ಮಾವನದು ಎಲೆಬಳ್ಳಿಯ ತೋಟ. ಅವನು ಧಾರವಾಡದ ಯಾವುದೋ ಸಾಹೇಬರ ಬಂಗಲೆಗೆ ವೀಳ್ಯದೆಲೆ ಕೊಡಲು ಹೋಗಿದ್ದಾಗ ಅಲ್ಲಿನ ಮಾಲಿ ಒಂದಿಷ್ಟು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದನಂತೆ. "ವಿಲಾಯ್ತಿ ಹೂವಬೇ ಇದು. ಝಾಲರಿ ಹಚ್ಚಿದಂಗ ಇರ್ತೈತಿ, ಮೂಗಿಗೆ ಹಿಡಿದ್ರ ಲವಂಗದ ವಾಸನಿ!" ಎಂದ. ಕಾರ್ನೇಶನ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಬಹಳ ವರ್ಷದ ಮೇಲೆ. ನಮಗೆಲ್ಲ ಅದು ಲವಂಗದ ಹೂವು. ಅಕ್ಕ ನೀರಿನ ಒಡಕು ಹರವಿಯೊಂದಕ್ಕೆ ಮಣ್ಣು ತುಂಬಿ, ಒಂದೇ ಕೈಯಲ್ಲಿ ಆ ಕಡ್ಡಿಗಳನ್ನು ನೆಟ್ಟಳು.

ಎರಡು ದಿನಕ್ಕೆ ಭಾವ ಬಂಡಿ ಕಟ್ಟಿಕೊಂಡು ಬಂದ. ನಮ್ಮ ಭಾವನನ್ನು ನೀವು ನೋಡಬೇಕಿತ್ತು! ಎಷ್ಟು ಮೆದು ಮಾತು, ಎಷ್ಟು ಶುಭ್ರ ರುಮಾಲು! ಓಣಿಯ ಮುದುಕಿಯರಿಗೆಲ್ಲ ಬಗ್ಗಿ ನಮಸ್ಕಾರ ಮಾಡುವವನು. ಅಂಥವನ ಮನೆಯಲ್ಲಿ ಅಷ್ಟೊಂದು ಬಾವಿಗಳು ಎಲ್ಲಿಂದ ಬಂದವು ಎಂದು ಯಾರಾದರೂ ಹೇಗೆ ಕೇಳುವುದು?

ಅಕ್ಕ ಗಂಟು ಕಟ್ಟಲಿಲ್ಲ. ಅಜ್ಜಿಯ ಮುಂದೆ ಹೋಗಿ ಕುಳಿತು, "ಆಯಿ, ನಾ ಹಿತ್ತಲದಾಗ ಗಿಡ ಹಚ್ಚೇನಿ" ಎಂದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯ ಕಾಯಿದೆಯೆಲ್ಲ ಅವಳ ಬಾಯಲ್ಲೇ ಇತ್ತು. ಅಡಕೆ ಕುಟ್ಟುವುದನ್ನು ನಿಲ್ಲಿಸಿ, "ಹಂಗಾರ ಆಕಿ ಬರಂಗಿಲ್ಲಪಾ" ಎಂದು ಭಾವನಿಗೆ ಹೇಳಿದಳು. "ಹೆಣ್ಮಗಳು ತವರಿನ ಮಣ್ಣಾಗ ಹೂವಿನ ಗಿಡ ಹಚ್ಚಿದ್ರ, ಮೊದಲ ಹೂ ಮನಿ ದೇವರಿಗೆ ಏರಿಸೂ ತನಕ ಹೊಸ್ತಿಲ ದಾಟಬಾರದು. ದಾಟಿದ್ರ ಎರಡೂ ಮನಿ ಒಣಗ್ತಾವು."

ಈ ಕಾಯಿದೆ ನಮ್ಮ ಮನೆತನದಲ್ಲಿ ಹಿಂದಿನಿಂದ ಬಂದದ್ದು. ಆದರೆ ಅದನ್ನು ಮಾಡಿದವರು ಚೆಂಡುಹೂವಿನ ಲೆಕ್ಕದಲ್ಲಿ ಮಾಡಿದ್ದರು. ಚೆಂಡುಹೂವು ಬೀಜ ಹಾಕಿ ತಿರುಗಿ ನೋಡುವಷ್ಟರಲ್ಲಿ ಹೂ ಬಿಡುತ್ತದೆ. ಮಗಳಿಗೆ ತವರಿನಲ್ಲಿ ನಾಲ್ಕು ದಿನ ಹೆಚ್ಚು ಸಿಗಲಿ ಎಂದು ಯಾವಳೋ ಪುಣ್ಯಾತ್ಮಳು ಹಚ್ಚಿಟ್ಟ ರೂಢಿ. ವಿಲಾಯಿತಿ ಹೂವು ಹಾನಗಲ್ಲಿಗೆ ಬಂದೀತೆಂದು ಅವಳಿಗೇನು ಗೊತ್ತು?

ಭಾವನಿಗೆ ಮನೆ ಒಣಗುವ ಮಾತು ಹೆದರಿಕೆ ಹುಟ್ಟಿಸಿತು. "ಎಷ್ಟ ದಿನಾ ಹಿಡೀತೈತಿ?" ಎಂದು ಕೇಳಿದ.

ಅಕ್ಕ ನೆಲ ನೋಡುತ್ತ ಹೇಳಿದಳು: "ಇನ್ನೊಂದ ಅಮಾಸಿ ಹೋಗ್ಲಿ."

ಆ ಅಮಾವಾಸ್ಯೆ ಹೋಯಿತು. ಅದರ ಮುಂದಿನದೂ ಹೋಯಿತು. ಗಿಡ ಚಿಗುರಿತು, ದಪ್ಪವಾಯಿತು, ಬೂದಿ ಬಳಿದಂಥ ಹಸಿರು ಎಲೆ ಬಿಟ್ಟಿತು. ಹೂ ಮಾತ್ರ ಇಲ್ಲ! ಆ ಎಲೆಯಾದರೂ ಎಂಥದ್ದು? ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಉಳ್ಳಾಗಡ್ಡಿ ತಪ್ಪಲಾ ಭಾಳ ಚಲೋ ಬಂದೈತಲ್ಲಬೇ, ಜುಣಕಕ್ಕ ಎರಡು ಎಸಳ ಕಿತ್ಕೊಳ್ಳಲಾ?" ಎಂದು ಕೇಳಿದ್ದಳು. ಅಕ್ಕ ಹರವಿಗೆ ಅಡ್ಡ ನಿಂತಳು. "ಇದನ್ನ ತಿಂದ್ರ ಹುಚ್ಚ ಹಿಡೀತೈತಿ!" ಎಂದಳು. ಪಕ್ಕದಾಕೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಬೇ, ನೀ ಎಷ್ಟ ತಿಂದಿ?" ಎಂದಳು. ಆ ಮಾತು ಒಂದು ತಿಂಗಳು ಓಣಿಯಲ್ಲಿ ಓಡಾಡಿತು.

ಇನ್ನು ಕೋಳಿತತ್ತಿಯ ಪ್ರಕರಣ. ನಮ್ಮದು ಲಿಂಗವಂತರ ಮನೆ. ತತ್ತಿ ಎಂಬ ಶಬ್ದವನ್ನು ಆಡಿದರೂ ಅವ್ವ ಬಾಯಿ ಮುಕ್ಕಳಿಸುತ್ತಿದ್ದಳು. ಒಂದು ದಿನ ಹಿತ್ತಲಲ್ಲಿ ಅವ್ವ ಚೀರಿದ ಸದ್ದಿಗೆ ನಾವೆಲ್ಲ ಹಾವು ಬಂತೆಂದು ಬಡಿಗೆ ಹಿಡಿದು ಓಡಿದೆವು. ಹರವಿಯ ಮಣ್ಣಿನ ಮೇಲೆ ಬಿಳಿ ಚೂರುಗಳು! ಈ ಗಿಡಕ್ಕೆ ಸುಣ್ಣ ಬೇಕು, ಬಂಗಲೆಯ ಮಾಲಿ ತತ್ತಿಯ ಸಿಪ್ಪೆ ಪುಡಿಮಾಡಿ ಹಾಕುತ್ತಾನೆ ಎಂದು ಮಾವ ಹೇಳಿದ್ದನಂತೆ. ಹೇಳಿದ್ದಷ್ಟೇ ಅಲ್ಲ, ಸವಣೂರಿನಿಂದ ವೀಳ್ಯದೆಲೆಯ ಪೆಂಡಿಯೊಳಗೆ ಮುಚ್ಚಿಟ್ಟು ತಂದೂ ಕೊಟ್ಟಿದ್ದ. ಆ ಎಲೆಯನ್ನೇ ನಾವು ವಾರವೆಲ್ಲ ಮೆದ್ದಿದ್ದೆವು!

"ಕುಲಾ ಕೆಡಿಸಿದೆಲ್ಲಬೇ!" ಎಂದು ಅವ್ವ ಹಣೆ ಬಡಿದುಕೊಂಡಳು.

"ತಿಂದಿದ್ದು ಗಿಡಾ, ನಾವಲ್ಲಬೇ" ಎಂದಳು ಅಕ್ಕ. "ಗಿಡಕ್ಕ ಯಾರೂ ಲಿಂಗಾ ಕಟ್ಟಿಲ್ಲಲಾ?"

ಹಿತ್ತಲಿಗೆಲ್ಲ ಸೆಗಣಿ ನೀರು ಬಿತ್ತು. ಅಯ್ಯನವರು ಬಂದು ತೀರ್ಥ ಚಿಮುಕಿಸಿದರು. ಅಕ್ಕ ಹೋಗಿ ಹಳೆಯ ಕೋಟೆಯ ಬಿದ್ದ ಗೋಡೆಯಿಂದ ಸುಣ್ಣದ ಗಚ್ಚು ಕೆದರಿಕೊಂಡು ಬಂದಳು. ಗಿಡಕ್ಕೆ ಅದೂ ರುಚಿಸಿತು. ಇನ್ನೂ ದಪ್ಪವಾಯಿತು.

ಮಳೆಗಾಲದ ಕಥೆ ಬೇರೆ. ನಮ್ಮೂರಿನ ಮಳೆ ನಿಮಗೆ ಗೊತ್ತಲ್ಲ, ಭತ್ತಕ್ಕೆ ಹಬ್ಬ. ಈ ದೊರೆಸಾನಿ ಗಿಡಕ್ಕೆ ಬುಡದಲ್ಲಿ ನೀರು ನಿಂತರೆ ಕೊಳೆ ರೋಗ. ಮನೆಯಲ್ಲಿದ್ದ ಒಂದೇ ಛತ್ರಿಯನ್ನು ಅಕ್ಕ ಹರವಿಗೆ ಕಟ್ಟಿದಳು. ಅಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಶಿಗ್ಗಾವಿಯ ಸಂತೆಗೆ ಹೊರಟ. ದಾರಿಯಲ್ಲಿ ಯಾರೋ, "ಯಾಕ್ರಿ ಗೌಡ್ರ, ಛತ್ರಿ ಎಲ್ಲಿ?" ಎಂದರೆ, "ಮನ್ಯಾಗ ದೊಡ್ಡವರೊಬ್ಬರು ಬಂದಾರ, ಅವರಿಗೆ ಬಿಟ್ಟೇನಿ" ಎಂದನಂತೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯದ ಅಪ್ಪಂದಿರೇ ಹೆಣ್ಣುಮಕ್ಕಳನ್ನು ತಣ್ಣಗೆ ಬಂಡಿ ಹತ್ತಿಸುವವರು.

ನಡುವೆ ಭಾವ ಎರಡು ಸಲ ಬಂದು ಹರವಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಎಲೆ ಮುಟ್ಟಿ ನೋಡಿ ಹೋದ. ಅವನು ಹೋದ ಮೇಲೆ ಅಕ್ಕ ಆ ಎಲೆಗಳನ್ನು ನೀರು ಹಾಕಿ ತೊಳೆಯುತ್ತಿದ್ದಳು. ಆರೈಕೆಯ ಕೆಲಸವನ್ನೆಲ್ಲ ನನಗೂ ಕಲಿಸಿದಳು. ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಕವಲನ್ನು ಗೆಣ್ಣಿನ ಹತ್ತಿರ ಅರ್ಧ ಸೀಳಿ, ಮಣ್ಣಿಗೆ ಬಗ್ಗಿಸಿ ಜಾಲಿಮುಳ್ಳು ಚುಚ್ಚಿದರೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಮೊಗ್ಗು ಬಂದರೆ ಅದರ ಸೊಂಟಕ್ಕೆ ದಾರ ಕಟ್ಟಬೇಕು. ಇಲ್ಲದಿದ್ದರೆ ಹೂವು ಹಿಗ್ಗುವಾಗ ಹೊಟ್ಟೆ ಒಡೆದುಕೊಳ್ಳುತ್ತದೆ. "ಕೂಸಿಗೆ ಉಡದಾರ ಕಟ್ಟಿದಂಗ" ಎಂದು ನನ್ನ ಕಿರುಬೆರಳಿಗೆ ದಾರ ಸುತ್ತಿ ತೋರಿಸಿದಳು. ನಮ್ಮ ಮನೆಯಲ್ಲಿ ಈ ವಿದ್ಯೆ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಇಲ್ಲಿಯ ತನಕ ನಗೆ. ಇನ್ನು ನನ್ನ ಸರದಿ.

ಮೂರನೆಯ ಪಂಚಮಿ ಮುಗಿದು ಸುಗ್ಗಿಯ ಹೊತ್ತಿಗೆ ನನ್ನನ್ನು ನೋಡಲು ತಿಳವಳ್ಳಿಯಿಂದ ಬಂದರು. ನಾನು ಹೊಸ ಸೀರೆ ಉಟ್ಟು ಜಮಖಾನೆಯ ಮೇಲೆ ತಲೆ ತಗ್ಗಿಸಿ ಕುಳಿತೆ. ಅವಲಕ್ಕಿ ತಿಂದು ಮುಗಿಸಿದ ವರನ ತಾಯಿ, "ಹಿತ್ತಲದಾಗ ಬಿಸಿಲಿಗೆ ಛತ್ರಿ ಹಿಡಕೊಂಡ ಕುಂತಾಕಿ ಯಾರ್ರಿ?" ಎಂದಳು.

"ದೊಡ್ಡ ಮಗಳ್ರಿ" ಎಂದ ಅಪ್ಪ.

"ಗಂಡನ ಮನಿಗೆ ಯಾವಾಗ ಹೋಗ್ತಾಳ್ರಿ?"

"ಹೂ ಬಿಟ್ಟ ಮ್ಯಾಲೆ ಹೋಗ್ತಾಳ್ರಿ."

"ಯಾವ ಹೂರಿ?"

ಮುಗಿಯಿತು! ಹೆಣ್ಣು ನೋಡಲು ಬಂದವರು ಎದ್ದು ಗಿಡ ನೋಡಲು ಹೋದರು. ನಾನೊಬ್ಬಳೇ ಜಮಖಾನೆಯ ಮೇಲೆ ಉಳಿದೆ. ಹತ್ತಾರು ಜನ ಹರವಿಯ ಸುತ್ತ ನಿಂತು ಗಿಡದ ಎತ್ತರ, ಮೈಕಟ್ಟು, ಗುಣ ವಿಚಾರಿಸಿದರು. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ. ವರ ಮಾತ್ರ ಅಕ್ಕನನ್ನು ಮೆಲ್ಲಗೆ, "ಇದರ ಹೆಸರೇನ್ರಿ?" ಎಂದು ಕೇಳಿದ. ಓಣಿಯಲ್ಲಿ ಎಲ್ಲರೂ ಹೂ ಯಾವಾಗ ಎಂದು ಕೇಳಿದ್ದರು. ಹೆಸರು ಕೇಳಿದವನು ಅವನೊಬ್ಬನೇ. ಆ ಒಂದು ಮಾತಿಗೆ ನಾನು ಸೋತೆ.

ಹೊರಡುವಾಗ ಅವನ ತಾಯಿ ಹೇಳಿದಳು: "ಹುಡುಗಿ ನಮಗ ಮನಸಿಗೆ ಬಂದಾಳ್ರಿ. ಆದ್ರ ದೊಡ್ಡಾಕಿ ತವರಾಗ ಕುಂತಿದ್ರ ಸಣ್ಣಾಕೀನ ಹೆಂಗ ತರೂದ್ರಿ? ಮೊದಲ ಆಕೀನ ಕಳಸ್ರಿ."

ಅದಾದ ಮೇಲೆ ನಾನು ಮೊದಲ ಸಲ ಅಕ್ಕನ ಗಿಡವನ್ನು ಹಗೆಯ ಕಣ್ಣಿನಿಂದ ನೋಡಿದೆ. ಇಷ್ಟು ಕೊಬ್ಬಿದ ಗಿಡ ಹೂ ಯಾಕೆ ಬಿಡುವುದಿಲ್ಲ? ಒಂದು ಬೆಳಗ್ಗೆ ಸಾರಿಸಲು ಸೆಗಣಿ ತರಲು ಹೋದಾಗ ಗೊತ್ತಾಯಿತು. ಅಕ್ಕ ಹರವಿಯ ಮುಂದೆ ಕುಳಿತು ಎಲೆಗಳನ್ನು ಹೇನು ನೋಡಿದಂತೆ ಬಿಡಿಸುತ್ತಿದ್ದಳು. ಏಲಕ್ಕಿಯಷ್ಟು ಒಂದು ಮೊಗ್ಗು ಸಿಕ್ಕಿತು. ಚಿವುಟಿದಳು. ಸುತ್ತ ನೋಡಿದಳು. ಬಾಯಿಗೆ ಹಾಕಿಕೊಂಡು ಅಗಿದು ನುಂಗಿಬಿಟ್ಟಳು!

ತಿಪ್ಪೆಗೆ ಎಸೆದರೆ ಯಾರಾದರೂ ಕಂಡಾರು. ಅದಕ್ಕೆ, ಅಷ್ಟು ದಿನವೂ, ಬಂದ ಮೊಗ್ಗನ್ನೆಲ್ಲ ತಿಂದಿದ್ದಳು. ನಾನು ಸೆಗಣಿಯ ಬುಟ್ಟಿ ಹಿಡಿದು ಗೋಡೆಯ ಮರೆಯಲ್ಲಿ ನಿಂತೇ ಇದ್ದೆ.

ಅವಳು ಯಾಕೆ ಹೀಗೆ ಮಾಡುತ್ತಾಳೆಂದು ನನಗೆ ತಿಳಿಯಲಿಲ್ಲ ಎನ್ನಲೇ? ಸಣ್ಣವಳು, ಕಲಿಯದವಳು ಎಂದು ನೀವೂ ನಂಬಬಹುದು. ಆದರೆ ಬಚ್ಚಲಲ್ಲಿ ಅವಳ ಬೆನ್ನು ತಿಕ್ಕುತ್ತಿದ್ದವಳು ನಾನು. ಆ ಬೆನ್ನಿನ ಮೇಲೆ ಬಾರುಕೋಲಿನ ಗೆರೆಗಳಿದ್ದವು. ಬಾವಿಯಲ್ಲಿ ಜಾರಿದರೆ ಬೆನ್ನಿನ ಮೇಲೆ ಗೆರೆ ಮೂಡುವುದಿಲ್ಲ ಎಂದು ತಿಳಿಯಲು ಮೂರನೇ ಇಯತ್ತೆ ಬೇಕಾಗಿಲ್ಲ. ನನಗೆ ಗೊತ್ತಿತ್ತು. ತಿಳವಳ್ಳಿಯ ಆಸೆಗೆ ಗೊತ್ತಿಲ್ಲದವಳಂತೆ ಆದೆ.

ಹರವಿಯ ಬೆನ್ನಿನಲ್ಲಿ, ಗೋಡೆಯ ಕಡೆಗೆ, ಕಂಠದಲ್ಲೇ ಒಂದು ಬಿರುಕಿತ್ತು. ಒಂದು ಎಳೆಯ ಕವಲನ್ನು ಬಗ್ಗಿಸಿ, ಆ ಬಿರುಕಿನೊಳಗಿಂದ ಹಿಂದಕ್ಕೆ ಹೊರಡಿಸಿದೆ. ಅಕ್ಕ ಮುಂದಿನಿಂದ ಹುಡುಕುತ್ತಿದ್ದಳು. ಹಿಂದಿನ ಸಂದಿಯಲ್ಲಿ ನನ್ನ ಕವಲು ಗೋಡೆಗೆ ಆತುಕೊಂಡು ಬೆಳೆಯಿತು. ಮೊಗ್ಗು ಬಂತು. ಅದರ ಹೊಟ್ಟೆ ಒಡೆಯಬಾರದೆಂದು ನನ್ನ ಸೀರೆಯ ಸೆರಗಿನಿಂದ ಕೆಂಪು ದಾರ ಎಳೆದು ಉಡದಾರ ಕಟ್ಟಿದೆ. ಕೆಡುಕು ಮಾಡುವಾಗಲೂ ಎಷ್ಟು ಅಚ್ಚುಕಟ್ಟು ನೋಡಿ ನನ್ನದು!

ಅದು ಅರಳಿದ ದಿನ, "ಆಯಿ! ಅವ್ವಾ! ಹೂ ಬಿಟ್ಟೈತಿ ಬರ್ರಿ!" ಎಂದು ಕೂಗಿದವಳು ನಾನೇ. ಓಣಿಯೆಲ್ಲ ಬಂತು. ಹರವಿ ತಿರುಗಿಸಿದರು. ಮಾವ ಹೇಳಿದ್ದು ಸುಳ್ಳಲ್ಲ. ಹಾಲಿನ ಕೆನೆಯಂಥ ಹೂವು, ಅಂಚಿಗೆ ಕುಂಕುಮದ ನೀರು ತಾಗಿದಂಥ ಕೆಂಪು, ಝಾಲರಿ ಝಾಲರಿ. ಹಿತ್ತಲೆಲ್ಲ ಲವಂಗ. ಪಕ್ಕದಾಕೆ ಕೂಡ, "ಎವ್ವಾ, ಉಳ್ಳಾಗಡ್ಡಿ ಅಲ್ಲಬೇ ಇದು!" ಎಂದು ಗಲ್ಲ ಬಡಿದುಕೊಂಡಳು. ಎಲ್ಲರೂ ನಕ್ಕರು.

ಅಕ್ಕ ನಗಲಿಲ್ಲ, ಅಳಲೂ ಇಲ್ಲ. ಕುಳಿತು ಹೂವಿನ ಸೊಂಟವನ್ನು ಮುಟ್ಟಿದಳು. ಕೆಂಪು ದಾರ ಕಂಡಿತು. ನನ್ನ ಸೆರಗು ನೋಡಿದಳು. ದಾರವನ್ನು ಮೆಲ್ಲಗೆ ಬಿಚ್ಚಿ, ನನ್ನ ಕೈ ಹಿಡಿದು, ಕಿರುಬೆರಳಿಗೆ ಸುತ್ತಿದಳು.

"ಕಟ್ಟು ಚಲೋ ಹಾಕೀಯಬೇ ತಂಗಿ. ಹೊಟ್ಟಿ ಒಡದಿಲ್ಲ" ಎಂದಳು.

ಅಷ್ಟೇ. ಯಾರಿಗೂ ಹೇಳಲಿಲ್ಲ. ಹೂವು ದೇವರ ಜಗಲಿಗೆ ಏರಿತು. ವಾರದಲ್ಲಿ ಬಂಡಿ ಬಂತು. ಭಾವ ಎಲ್ಲರಿಗೂ ಪೇಡೆ ಹಂಚಿದ. ನಾನೂ ತಿಂದೆ. ಅದು ಸಿಹಿಯಾಗಿಯೇ ಇತ್ತು. ಅದೇ ನನಗೆ ಇವತ್ತಿಗೂ ಸಹಿಸಲಾಗದ ಮಾತು.

ಬಂಡಿ ಹತ್ತುವ ಮುಂಚೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ಒಂದು ಕವಲನ್ನು ಸೀಳಿ, ಬಗ್ಗಿಸಿ, ಮುಳ್ಳು ಚುಚ್ಚಿ ಮಣ್ಣು ಮುಚ್ಚಿದ್ದಳು. "ಬೇರ ಬಿಟ್ಟ ಮ್ಯಾಲೆ ತಿಳವಳ್ಳಿಗೆ ಒಯ್ಯಿ" ಎಂದಳು.

"ನನಗ ಯಾಕ ಅಕ್ಕಾ?" ಎಂದೆ.

"ಇರ್ಲಿ. ಹೆಣ್ಮಕ್ಕಳಿದ್ದ ಮನ್ಯಾಗ ಇದೊಂದು ಗಿಡಾ ಇರಬೇಕು."

ನನ್ನ ಮದುವೆಗೆ ಅವಳನ್ನು ಕಳಿಸಲಿಲ್ಲ. ಮುಂದಿನ ಪಂಚಮಿಗೂ ಕಳಿಸಲಿಲ್ಲ. ಅದರ ಮುಂದಿನ ಪಂಚಮಿಗೆ ಮೊದಲೇ ಭಾವನ ಮನೆಯ ಆಳು ಬಂದು ಸುದ್ದಿ ಹೇಳಿದ: ಬಾವಿಯಲ್ಲಿ ಕಾಲು ಜಾರಿತಂತೆ.

ಅಪ್ಪ ಈ ಸಲ ಬಾವಿಯ ಬಗ್ಗೆ ನಗೆಯಾಡಲಿಲ್ಲ. ಎತ್ತಿಗೆ ಮೇವು ಹಾಕಲು ಎದ್ದವನು ಕೊಟ್ಟಿಗೆಯಲ್ಲೇ ಕುಳಿತುಬಿಟ್ಟ.

ಆಮೇಲೆ ಯುದ್ಧ ಬಂತು, ಸೀಮೆಎಣ್ಣೆಗೂ ಸಕ್ಕರೆಗೂ ಕಂಟ್ರೋಲು ಬಂತು. ನನ್ನ ಗಂಡ ಒಳ್ಳೆಯವನೇ. ನಮ್ಮ ಮನೆಯ ಬಾವಿಯಲ್ಲಿ ನಾನು ಒಮ್ಮೆಯೂ ಜಾರಿಲ್ಲ. ಅಕ್ಕನಿಗೆ ಸಲ್ಲಬೇಕಾದ ಸುಖವನ್ನು ಕದ್ದು ಉಣ್ಣುತ್ತಿರುವಂತೆ ಉಂಡೆ. ವರ್ಷಕ್ಕೊಮ್ಮೆ ಕವಲು ಬಗ್ಗಿಸಿ ಆ ಗಿಡದ ವಂಶ ಕಾಪಾಡಿದೆ. ಹೂ ಬಿಟ್ಟರೆ ನಾನು ಆ ಕಡೆ ಹೋಗುತ್ತಿರಲಿಲ್ಲ.

ಈ ವರ್ಷ ಪಂಚಮಿಗೆ ನನ್ನ ನಾದಿನಿ ಬಂದಳು. ಮದುವೆಯಾಗಿ ಹೆಚ್ಚು ದಿನವಾಗಿಲ್ಲ. ಉಂಡಿ ತಿಂದಳು, ಎಲ್ಲರೂ ಕರೆದರೂ ಜೋಕಾಲಿ ಹತ್ತಲಿಲ್ಲ. ನಾನು ಬಚ್ಚಲಿಗೆ ಹೋಗಿ, "ಬೆನ್ನ ತಿಕ್ಕತೇನಿ ಬಾ" ಎಂದೆ. ಬೇಡ ಬೇಡ ಎಂದಳು. ಸೆರಗು ಸರಿಸಿದೆ.

"ಅಟ್ಟದಿಂದ ಬಿದ್ದೆ, ವೈನಿ" ಎಂದಳು.

ಆ ಊರಿನಲ್ಲಿ ಅಟ್ಟಗಳಂತೆ.

ಅವಳ ಮೈ ಒರೆಸಿ, ಹಿತ್ತಲಿಗೆ ಕರೆದುಕೊಂಡು ಹೋಗಿ, ಬೇರು ಬಿಟ್ಟ ಒಂದು ಕವಲನ್ನು ಅವಳ ಕೈಯಲ್ಲೇ ಹೊಸ ಹರವಿಗೆ ನೆಡಿಸಿದೆ. ಆಮೇಲೆ ಅತ್ತೆಯ ಮುಂದೆ ಕುಳಿತು, ನಮ್ಮ ಹಾನಗಲ್ಲಿನ ಅಜ್ಜಿಯ ಕಾಯಿದೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಎರಡೂ ಮನೆ ಒಣಗುವ ಮಾತನ್ನು ಸ್ವಲ್ಪ ಜೋರಾಗಿಯೇ ಹೇಳಿದೆ.

ದಸರೆಗೆ ಬಂದ ಬಂಡಿ ಬರಿದಾಗಿ ಹೋಯಿತು. ದೀಪಾವಳಿಗೆ ಬಂದದ್ದೂ ಹೋಯಿತು. ಈ ಓಣಿಯಲ್ಲಿ ಈಗ ತಲೆ ಕೆಟ್ಟವಳು ನಾನು. ಮನೆಯ ಛತ್ರಿ ಹರವಿಯ ಮೇಲಿದೆ.

ಇವತ್ತು ಬೆಳಗ್ಗೆ ಹರವಿಯ ಮುಂದೆ ಕುಳಿತಿದ್ದೆ. ಬಿರುಕಿಲ್ಲದ ಹರವಿಯನ್ನೇ ಆರಿಸಿದ್ದೇನೆ; ಆದರೂ ದಿನಾ ತಿರುಗಿಸಿ ಹಿಂದೆಯೂ ನೋಡುತ್ತೇನೆ. ಅತ್ತೆ ಹಿಂದಿನಿಂದ ಬಂದು ನಿಂತಳು.

"ಅಲ್ಲಬೇ, ಇಷ್ಟ ದಪ್ಪ ಆಗೈತಿ, ಹೂ ಯಾವಾಗ ಬಿಡ್ತೈತಿ ಇದು?"

ನನ್ನ ಬಾಯಲ್ಲಿ ಮೊಗ್ಗಿತ್ತು. ಲವಂಗದ ಹೂವಿನ ಮೊಗ್ಗು ಇಷ್ಟು ಕಹಿ ಇರುತ್ತದೆಂದು ಅಕ್ಕ ನನಗೆ ಹೇಳಿಯೇ ಇರಲಿಲ್ಲ. ನುಂಗಿಕೊಂಡು, ಸೆರಗಿನಿಂದ ತುಟಿ ಒರೆಸಿ, ಹೇಳಿದೆ:

"ಇನ್ನೊಂದ ಅಮಾಸಿ ಹೋಗ್ಲಿ, ಅತ್ತಿ."